ಕ್ಯಾಂಪಿನಾಕಿ

ಸ್ಫೂರ್ತಿ, ಬಸು, ಮೊನ್ನೆ ನೀವು ತಂದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದವಳೇ ನಾನು ಹಿತ್ತಲಿಗೆ ಎದ್ದು ಹೋದೆ. ಅಜ್ಜಿಗೆ ಖಾರ ನೆತ್ತಿಗೇರಿತು ಎಂದು ನೀವು ನಕ್ಕಿರಿ. ಖಾರವಲ್ಲ, ಅದು ಸಾಸಿವೆ ಎಣ್ಣೆಯ ವಾಸನೆ. ನಮ್ಮ ಕಡೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಬಳಸುವುದಿಲ್ಲ. ಆ ವಾಸನೆ ನನಗೆ ಒಬ್ಬಳಿಂದ ಮಾತ್ರ ಪರಿಚಯ... ಬಾಯಿ ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಗಂಗಾವತಿ ಹತ್ತಿರದ ಒಂದು ಮಠದ ದಾಸೋಹದಲ್ಲಿ ರೊಟ್ಟಿ ಬಡಿಯಲು ಹೋಗುತ್ತಿದ್ದೆ. ಹಸಿದು ಬಂದವರ ಊರು, ಜಾತಿ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಮೊದಲು ಊಟ, ಆಮೇಲೆ ಮಾತು. ದಿಕ್ಕುಗೆಟ್ಟು ಬಂದವರಿಗಾಗಿ ಹಿಂದೆ ತಗಡಿನ ಕೋಣೆಗಳಿದ್ದವು. ಊರು ಬಿಟ್ಟು ಬಂದವರೂ ಅಲ್ಲಿ ಇದ್ದರು, ದೇಶ ಬಿಟ್ಟು ಓಡಿ ಬಂದವರೂ ಇದ್ದರು.

ಅವಳು ಬಂದದ್ದು ಒಂದು ಮಧ್ಯಾಹ್ನ. ನಮ್ಮ ಸೀಮೆಗೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ಭತ್ತದ ರೈತರು ಕಟ್ಟಿಕೊಂಡ ಊರುಗಳಿಗೆಲ್ಲ ಕ್ಯಾಂಪ್ ಎಂದೇ ಹೆಸರು. ಸಿಂಧನೂರಿನ ಕಡೆ ಬಂಗಾಳಿ ನಿರಾಶ್ರಿತರಿಗೂ ಕ್ಯಾಂಪ್ ಇದೆ. ಅವಳಿಗೆ ಬೇಕಾಗಿದ್ದದ್ದು ಅದು. ಎಷ್ಟೋ ವರ್ಷದ ಹಿಂದೆ ಗಡಿ ದಾಟಿ ಬಂದ ಅವಳ ಸೋದರಮಾವ ಅಲ್ಲಿದ್ದ. ಗಂಗಾವತಿಯಲ್ಲಿ ಇಳಿದು “ಕ್ಯಾಂಪ್, ಕ್ಯಾಂಪ್” ಎಂದಿದ್ದಾಳೆ. ಆಟೋದವನು ತೆಲುಗರ ಕ್ಯಾಂಪಿಗೆ ಬಿಟ್ಟು ಹೋಗಿದ್ದಾನೆ. ಅಲ್ಲಿಯವರು ಇನ್ನೊಂದು ಕ್ಯಾಂಪ್ ತೋರಿಸಿದ್ದಾರೆ, ಅವರು ಮತ್ತೊಂದು... ಕಾಲುವೆ ದಂಡೆ ಹಿಡಿದು ನಡೆದು ಕಾಲು ಬಾತು, ಮಠದ ಕಟ್ಟೆಯ ಮೇಲೆ ಬಂದು ಕುಸಿದಳು. ಅಂದಿನಿಂದ ಅಡುಗೆಮನೆಯಲ್ಲಿ ಅವಳಿಗೆ ಕ್ಯಾಂಪಿನಾಕಿ ಎಂದೇ ಹೆಸರು ಬಿತ್ತು. ನಿಜವಾದ ಹೆಸರನ್ನು ನಾನು ಈಗಲೂ ಬರೆಯುವುದಿಲ್ಲ.

ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತಿದ್ದೆವು. ಅವಳು ಉಂಡ ಮೇಲೆ ಅವರೇ ಬಂದು ಕೂತರು. “ಮಠದಾಗ ನಿಂತು ಸುಳ್ಳ ಹೇಳಬ್ಯಾಡವ್ವ. ಖರೇ ಹೇಳು, ಮುಂದಿಂದು ನಾವು ನೋಡ್ಕೊಂತೀವಿ” ಎಂದರು. ಅವಳಿಗೆ ಬರುತ್ತಿದ್ದದ್ದು ಹರಕು ಹಿಂದಿ. ನನಗೆ ನೆರೆಮನೆಯ ಮುಸಲ್ಮಾನರಿಂದ ಕಲಿತ ಅಷ್ಟಿಷ್ಟು ಉರ್ದು ಇತ್ತು, ತಲೆ ತಗ್ಗಿಸಿಕೊಂಡು ಅವಳ ಮಾತು ತಿಳಿಸಿದೆ. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವಳು. ಅಲ್ಲಿ ಮನೆಗೆ ಬೆಂಕಿ ಹಚ್ಚಿದರಂತೆ. ಗಂಡ ಒಳಗಿದ್ದನೋ, ಹೊರಗಿದ್ದನೋ... ಅಲ್ಲಿಗೆ ಅವಳ ಮಾತು ನಿಂತುಬಿಡುತ್ತಿತ್ತು. ಮಠದ ವಕೀಲರು ಹೇಳಿದ್ದು ಇಷ್ಟು: “ಆ ಮಾವ ಬಂದು ಹೌದ್ರಿ, ನಮ್ಮಾಕಿ ಅಂತ ಒಂದು ಮಾತ್ ಅನ್ನಲಿ. ಆ ಮಾತ್ ಹಿಡ್ಕೊಂಡು ನಾ ಹೊಡದಾಡ್ತೀನಿ. ಅದೂ ಇಲ್ಲಂದ್ರ ಈಕೀನ್ನ ಇಲ್ಲಿ ಇಟ್ಕೊಳ್ಳೋದು ಭಾಳ ಕಷ್ಟ ಐತ್ರಿ.”

ಮಾವನನ್ನು ಹುಡುಕುವವರೆಗೆ ಅವಳು ನನ್ನ ಪಕ್ಕದ ಒಲೆಗೆ ಕೂತಳು. ಮೊದಲ ದಿನ ಜೋಳದ ಹಿಟ್ಟನ್ನು ಚಪಾತಿಯಂತೆ ಲಟ್ಟಿಸಲು ಹೋಗಿ ಚೂರು ಚೂರು ಮಾಡಿದಳು. ಅಡುಗೆಮನೆಯ ಹಿರಿಯಾಕೆ ಬಿಡುತ್ತಾಳೆಯೇ? “ಏ ಕ್ಯಾಂಪಿನಾಕಿ, ಕೋಲ್ ಬಿಡು. ರೊಟ್ಟೀನ್ನ ಕೈಲೆ ಬಡೀಬೇಕು, ಕುಡದ್ ಬಂದ ಗಂಡನ್ನ ಬಡದಂಗ!” ಅದನ್ನು ನಾನು ಉರ್ದುವಿನಲ್ಲಿ ಹೇಳುವಷ್ಟರಲ್ಲಿ ನಾಚಿ ಸತ್ತೆ. ಅವಳು ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಕನ್ನಡವನ್ನು ಬೇಗ ಕಲಿತಳು. ಒಂದು ಸಂಜೆ ನಾನು “ಬರ್ತೀನವ್ವ” ಎಂದು ಹೊರಟಾಗ ಸೆರಗು ಹಿಡಿದು ನಿಲ್ಲಿಸಿದಳು. ತಮ್ಮಲ್ಲೂ ಹೊರಡುವಾಗ ‘ಆಶಿ’ ಎನ್ನುತ್ತಾರಂತೆ, ಬರುತ್ತೇನೆ ಎಂದೇ ಅದರ ಅರ್ಥ. ಹೋಗ್ತೀನಿ ಎನ್ನುವುದು ಅಪಶಕುನವಂತೆ. ಗಡಿಯಾಚೆಯ ಅವರಿಗೂ ನಮಗೂ ಈ ಒಂದು ಮಾತು ಒಂದೇ ಎಂದು ಇಬ್ಬರೂ ಬೆರಗಾದೆವು. ಆಮೇಲೆ ದಿನಾ ನಾನು “ಆಶಿ” ಎನ್ನುತ್ತಿದ್ದೆ, ಅವಳು “ಹೋಗಿ ಬಾರವ್ವ” ಎನ್ನುತ್ತಿದ್ದಳು.

ಕೊನೆಗೆ ಮಾವನ ಮನೆ ಸಿಕ್ಕಿತು. ವಕೀಲರ ಜೊತೆ ಅವಳನ್ನು ಕರೆದುಕೊಂಡು ಮಠದ ಜೀಪಿನಲ್ಲಿ ಹೋದೆವು. ಹೆಣ್ಣುಮಗಳು ಜೊತೆಗಿರಲಿ ಎಂದು ಅಜ್ಜಾರು ನನ್ನನ್ನೂ ಕಳಿಸಿದ್ದರು. ಅವಳು ಅಂಗಳದಲ್ಲೇ ಬಗ್ಗಿ ಮಾವನ ಕಾಲು ಮುಟ್ಟಲು ಹೋದಳು. ಅವನು ಕಾಲು ಹಿಂದಕ್ಕೆಳೆದುಕೊಂಡ.

“ಯಾರ್ರಿ ಇವ್ರು? ನನಗ ಗುರ್ತಿಲ್ಲ” ಎಂದ, ನಮ್ಮಂತೆಯೇ ಕನ್ನಡದಲ್ಲಿ.

ಪರಗಂಡಸರೆದುರು ಬಾಯಿ ತೆರೆಯದ ನನಗೆ ಆ ಹೊತ್ತು ಎಲ್ಲಿಂದ ಧೈರ್ಯ ಬಂತೋ. “ಯಣ್ಣಾ, ಮಾರಿ ನೋಡ್ರಿ ಒಮ್ಮಿ. ಮೂಗು ನಿಮ್ಮಂಗ ಐತಲ್ರಿ” ಎಂದೆ.

“ಅವ್ವಾರ, ನಮ್ಮ ಹುಡುಗ್ರು ಇಲ್ಲೇ ಹುಟ್ಯಾವು. ಅವಕ್ಕ ಇನ್ನೂ ಎಲ್ಲಿಯವ್ರು, ಎಲ್ಲಿಯವ್ರು ಅಂತ ಕೇಳ್ತಾರ. ಈಗ ಇದೊಂದು ತಂದು ನನ್ನ ಕೊರಳಿಗೆ ಕಟ್ಟಬ್ಯಾಡ್ರಿ. ಗುರ್ತಿಲ್ಲ ಅಂದ್ನೆಲ್ಲ!” ಅವನು ಅವಳ ಮುಖವನ್ನು ಮಾತ್ರ ನೋಡಲಿಲ್ಲ.

ಜೀಪು ಹೊರಡುವಾಗ ಅವನ ಹೆಂಡತಿ ಓಡಿ ಬಂದಳು. ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಸಣ್ಣ ಶೀಶೆಯೊಂದನ್ನು ಕ್ಯಾಂಪಿನಾಕಿಯ ಮಡಿಲಿಗೆ ತುರುಕಿ ತಿರುಗಿ ಹೋದಳು. ಅದರಲ್ಲಿದ್ದದ್ದು ಸಾಸಿವೆ ಎಣ್ಣೆ. ಗುರುತಿಲ್ಲದವಳಿಗೆ ಯಾರಾದರೂ ತಲೆಗೆ ಎಣ್ಣೆ ಕೊಡುತ್ತಾರೆಯೇ ಮಕ್ಕಳೇ? ಅವಳು ಅಳಲಿಲ್ಲ. ದಾರಿಯುದ್ದಕ್ಕೂ ಮುಚ್ಚಳ ತೆಗೆಯುವುದು, ಮೂಸುವುದು, ಮತ್ತೆ ಮುಚ್ಚುವುದು...

ಆ ಎಣ್ಣೆಯನ್ನು ಅವಳು ತನ್ನ ತಲೆಗೆ ಹಚ್ಚಿಕೊಳ್ಳಲೇ ಇಲ್ಲ. ಮರುದಿನ ಒಲೆ ಆರಿದ ಮೇಲೆ ನನ್ನನ್ನು ಕೂರಿಸಿಕೊಂಡು ನನ್ನ ನೆತ್ತಿಗೆ ತಟ್ಟಿದಳು. ನಿಮ್ಮ ಅಜ್ಜ ಹೋದ ಮೇಲೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ.

ವಕೀಲರು ಬಹಳ ಓಡಾಡಿದರು. ಆದರೂ ಒಂದು ದಿನ ಊಟದ ಹೊತ್ತಿಗೆ ಪೊಲೀಸರ ಗಾಡಿ ಬಂತು. ಅಜ್ಜಾರು ಬಾಗಿಲಿಗೆ ಅಡ್ಡ ನಿಂತು ಕೇಳಿಕೊಂಡರು, ಬೇಡಿಕೊಂಡರು. ಆಗಲಿಲ್ಲ. ಕೊನೆಗೆ “ಉಂಡರ ಹೋಗ್ರಿ” ಎಂದಷ್ಟೇ ಅಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ಬಂದ ಮಹಿಳಾ ಪೊಲೀಸರಿಗೆ ಅವಳೇ ರೊಟ್ಟಿ ಬಡಿಸಿದಳು. ಅಷ್ಟರಲ್ಲಿ ಅವಳ ರೊಟ್ಟಿ ದುಂಡಗೆ, ತೆಳ್ಳಗೆ ಬರುತ್ತಿತ್ತು. ಅವಳು ಒಂದು ತುತ್ತೂ ತಿನ್ನಲಿಲ್ಲ.

ಗಾಡಿ ಹತ್ತುವ ಮುಂಚೆ ನನ್ನ ಹತ್ತಿರ ಬಂದು ಶೀಶೆಯನ್ನು ಕೈಗಿಟ್ಟಳು.

“ಹೋಗ್ತೀನವ್ವ” ಎಂದಳು.

ನಾನು ಅವಳ ಸೆರಗು ಹಿಡಿದು ನಿಲ್ಲಿಸಿದೆ. “ಹಂಗನಬಾರ್ದು ತಂಗಿ. ಬರ್ತೀನಿ ಅನ್ನು. ಆಶಿ ಅನ್ನು.”

ಅವಳು ತಲೆ ಅಲ್ಲಾಡಿಸಿದಳು. “ಮಠದಾಗ ನಿಂತು ಸುಳ್ಳ ಹೇಳಬಾರ್ದು.”

ಅವಳನ್ನು ಎಲ್ಲಿಗೆ ಒಯ್ದರೋ, ಗಡಿಯಾಚೆ ಕಳಿಸಿದರೋ, ವಕೀಲರಿಗೂ ತಿಳಿಯಲಿಲ್ಲ. ಅಜ್ಜಾರು ಈಗ ಇಲ್ಲ. ಶೀಶೆಯ ಎಣ್ಣೆ ಒಣಗಿ ವಾಸನೆಯೂ ಹೋಗಿತ್ತು. ಮೊನ್ನೆ ನಿಮ್ಮ ಉಪ್ಪಿನಕಾಯಿಯಿಂದ ಅದು ಹಿಂದಕ್ಕೆ ಬಂತು, ಅವಳು ಬರಲಿಲ್ಲ. ಬರುವುದೂ ಇಲ್ಲ. ಅದನ್ನು ಅವಳೇ ಹೇಳಿ ಹೋಗಿದ್ದಾಳೆ.

ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ ಆ ಶೀಶೆಯ ಜೊತೆಗೆ ಇಡುತ್ತೇನೆ. ನಾನು ಹೋದ ಮೇಲೆ ಹಳೆಯ ಕಾಗದವೆಂದು ಒಲೆಗೆ ಹಾಕಬೇಡಿ, ಜೋಪಾನ ಮಾಡಿ. ಎಂದಾದರೂ ಯಾರಾದರೂ ಅವಳನ್ನು ಕೇಳಿಕೊಂಡು ಬಂದರೆ ಇದನ್ನು ಅವರ ಕೈಗೆ ಕೊಡಿ. ಕೊಟ್ಟು, ಹೌದ್ರಿ, ನಮ್ಮಾಕಿ ಎನ್ನಿ.