ರವಿವಾರ ಒಲೆ ಹಚ್ಚದ ಮನೆ

ಪುಣೆಯ ಕ್ಯಾಂಪಿನಲ್ಲಿ ನಾವಿದ್ದ ಚಾಳಿನಲ್ಲಿ ರವಿವಾರ ಬಂತೆಂದರೆ ಎಲ್ಲರ ಮನೆಯಿಂದಲೂ ಒಗ್ಗರಣೆಯ ವಾಸನೆ ಬರುತ್ತಿತ್ತು. ನಮ್ಮ ಮನೆಯಿಂದ ಬರುತ್ತಿದ್ದುದು ಖಡಕ್ ರೊಟ್ಟಿ ಮುರಿಯುವ ಸಪ್ಪಳ. ಶನಿವಾರ ಸಂಜೆಯೊಳಗೆ ಅವ್ವ ರೊಟ್ಟಿ ಬಡಿದು, ಒಣಗಿಸಿಟ್ಟು, ಒಲೆಯ ಬೂದಿ ತೆಗೆದು, ಅದರ ಮೇಲೆ ಒಂದು ಮಣೆ ಬೋರಲು ಹಾಕಿಬಿಡುತ್ತಿದ್ದಳು. ಸೋಮವಾರ ಬೆಳಗಾಗುವ ತನಕ ಆ ಮಣೆಯನ್ನು ಯಾರೂ ಸರಿಸುವಂತಿರಲಿಲ್ಲ. ಕರ್ತನ ದಿನ ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂದು ಬೈಬಲಿನಲ್ಲಿ ಮೋಶೆ ಹೇಳಿದ್ದಾನೆ ಎನ್ನುತ್ತಿದ್ದ ಅಪ್ಪ. ಮೋಶೆ ಹೇಳಿದ ಉಳಿದ ನೂರೆಂಟು ಮಾತು ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ಇದೊಂದು ಮಾತ್ರ ಪಕ್ಕಾ ನೆನಪಿತ್ತು.

ನಾವು ಗದಗಿನ ಕಡೆಯವರು, ಅಜ್ಜನ ಕಾಲಕ್ಕೆ ಕ್ರೈಸ್ತರಾದವರು. ಬ್ರಿಟಿಷರ ದಂಡಿನ ಕಚೇರಿಯೊಂದರಲ್ಲಿ ಅಪ್ಪನಿಗೆ ಗುಮಾಸ್ತಿಕೆ ಸಿಕ್ಕಿದ್ದರಿಂದ ಪುಣೆಗೆ ಬಂದಿದ್ದೆವು. ಅಲ್ಲಿದ್ದ ಕನ್ನಡ ಕ್ರೈಸ್ತರ ಸಣ್ಣ ಸಭೆಗೆ ಸ್ವಂತದ ಚರ್ಚು ಇರಲಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರದೇ ಚರ್ಚಿನಲ್ಲಿ ನಮ್ಮದು ನಡೆಯುತ್ತಿತ್ತು. ಅಪ್ಪ ನಮ್ಮ ಸಭೆಯ ಹಿರಿಯ, ಬೈಬಲ್ ಓದುವುದು ಅವನ ಪಾಳಿ. ಮರಾಠಿಯವರದು ಮುಗಿಯಲು ಇನ್ನೂ ಎಷ್ಟೋ ಹೊತ್ತಿರುವಾಗಲೇ ಅವನು ಮನೆ ಬಿಡುತ್ತಿದ್ದ. "ಹೊರಗ ನಿಂತು ಒಬ್ಬಾಂವನ ಪ್ರಾರ್ಥನಾ ಮಾಡತೇನಿ" ಎನ್ನುತ್ತಿದ್ದ. ಅವ್ವ ಅದನ್ನು ಹೆಮ್ಮೆಯಿಂದ ಚಾಳಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಇಂಥ ಅಪ್ಪನಿಗೆ ಚಹಾದ ಚಟ. ವಾರದ ದಿನಗಳಲ್ಲಿ ಕಣ್ಣು ಬಿಡುವ ಮೊದಲೇ ಕೈ ಕಪ್ಪಿಗಾಗಿ ತಡಕಾಡುತ್ತಿತ್ತು. ರವಿವಾರ ಮಾತ್ರ ಒಂದು ತಂಬಿಗೆ ತಣ್ಣೀರು ಕುಡಿದು, "ದೇವರ ಸಲುವಾಗಿ ಇಷ್ಟೂ ತಡಕೊಳ್ಳಲಿಕ್ಕ ಆಗಂಗಿಲ್ಲೇನು?" ಎಂದು ನಮಗೆ ಬುದ್ಧಿ ಹೇಳುತ್ತಿದ್ದ. ಶೋಧನೆಯನ್ನು, ಅಂದರೆ ಆಸೆಯ ಸೆಳೆತವನ್ನು, ಗೆಲ್ಲುವುದು ಹೇಗೆಂದು ಸಭೆಯಲ್ಲಿ ಮಾತು ಬಂದಾಗಲೂ ತನ್ನ ಚಹಾದ ಉದಾಹರಣೆಯನ್ನೇ ಕೊಡುತ್ತಿದ್ದ.

ಅಪ್ಪನ ತಾಯಿ, ನಮ್ಮ ಅಜ್ಜಿ, ನಮ್ಮ ಜೊತೆಗೇ ಇದ್ದಳು. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ರವಿವಾರ ಅವಳಿಗೆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಕೊಡಬೇಕಾಗುತ್ತಿತ್ತು. ಅದನ್ನು ನುರಿಸುತ್ತ, "ನಿಮ್ಮಪ್ಪನ ದೇವರಿಗೆ ಹಲ್ಲ ಭಾಳ ಗಟ್ಟಿ ಅದಾವ ನೋಡವಾ" ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಶನಿವಾರದ ಹೊತ್ತಿಗೆ ಮಜ್ಜಿಗೆಯೂ ಬೇಡವಾಯಿತು. ತಣ್ಣಗಿನದು ಬಾಯಿಗಿಟ್ಟರೆ ಕೆಮ್ಮು ಒತ್ತರಿಸಿ ಬಂದು ಮೈಯೆಲ್ಲ ನಡುಗುತ್ತಿತ್ತು. ರವಿವಾರ ಮುಂಜಾನೆ ಅಪ್ಪ ರುಮಾಲು ಸುತ್ತಿಕೊಂಡು ಹೊರಟಾಗ ಅವಳು ಅವನ ಕೋಟಿನ ಅಂಚು ಹಿಡಿದಳು.

"ಒಂದೀಟು ಬಿಸಿ ಗಂಜಿ ಮಾಡಸಪಾ. ತಣ್ಣಂದು ಗಂಟಲದಾಗ ಇಳಿಯವಲ್ದು."

"ನಾಳೆ ಮುಂಜಾನೆ ತನಕಾ ತಡಕೋ ಅವ್ವಾ. ಕರ್ತನ ದಿನ ಐತಿ."

"ಬಾಜೂ ಮನಿಯಿಂದರೆ ತರಲೇನ್ರಿ?" ಎಂದಳು ಅವ್ವ.

"ಯಾರ ಒಲಿಯಾಗಿಂದಾದರೇನು? ಬೆಂಕಿ ಬೆಂಕೀನ" ಎಂದ ಅಪ್ಪ. ಆಮೇಲೆ ಹಾಸಿಗೆಯ ಪಕ್ಕ ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥನೆ ಮಾಡಿದ. ಪ್ರಾರ್ಥನೆ ಚೆನ್ನಾಗಿಯೇ ಇತ್ತು. ಅಜ್ಜಿಗೆ ಬೇಕಾಗಿದ್ದುದು ಗಂಜಿ.

ಅವನು ಹೋದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ಅಜ್ಜಿ ಮತ್ತೆರಡು ಸಲ ಗಂಜಿ ಕೇಳಿದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ತುಟಿ ಒಣಗಿ ಬಿರುಕು ಬಿಟ್ಟಿದ್ದವು. ಕೂಗಿದರೆ ಕಣ್ಣು ತೆರೆಯಲಿಲ್ಲ. ನನಗೆ ಅಳು ಬಂತು. ಅವ್ವ ಒಮ್ಮೆ ಅತ್ತೆಯ ಮುಖ ನೋಡಿದಳು, ಒಮ್ಮೆ ಒಲೆಯ ಮೇಲಿನ ಮಣೆ ನೋಡಿದಳು. ಗಂಡನ ಮಾತು ಮೀರುವುದೂ ದೇವರ ಮಾತು ಮೀರುವುದೂ ಅವಳಿಗೆ ಬೇರೆಬೇರೆಯಾಗಿರಲಿಲ್ಲ. ಕೊನೆಗೆ ಎದ್ದು ಹೋಗಿ ಮಣೆ ಸರಿಸಿದಳು, ಇದ್ದಿಲು ತುಂಬಿದಳು, ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡಳು. ಮೊದಲನೆಯ ಕಡ್ಡಿ ಮುರಿಯಿತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅಪ್ಪನೇ ಬಂದನೆಂದು ಅವ್ವ ಕಡ್ಡಿಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಂದವನು ಚರ್ಚಿನ ಹತ್ತಿರ ಚಹಾದಂಗಡಿ ಇಟ್ಟಿದ್ದ ಇರಾನಿ. ನಮ್ಮ ಚಾಳಿನ ಹಿಂದೆಯೇ ಅವನ ಮನೆ. ಕೈಯಲ್ಲಿ ಅಪ್ಪನ ಚಷ್ಮಾ.

"ಬಾಯಿ, ಸಾಬ್ ಕಾ ಚಷ್ಮಾ. ಟೇಬಲ್ ಪೇ ರಹ ಗಯಾ." ಅಂಗಡಿಯ ಟೇಬಲ್ಲಿನ ಮೇಲೆ ಅಪ್ಪ ಅದನ್ನು ಮರೆತು ಹೋಗಿದ್ದನಂತೆ.

ಸಾಹೇಬರು ಚರ್ಚಿಗೆ ಹೋಗಿದ್ದಾರೆ, ಹೋಟೆಲಿಗಲ್ಲ ಎಂದು ಅವ್ವ ತನ್ನ ಹರಕುಮುರುಕು ಮರಾಠಿಯಲ್ಲಿ ಹೇಳಿದಳು. ಇರಾನಿ ನಕ್ಕ. ಸಾಹೇಬರು ಪ್ರತಿ ರವಿವಾರ ಬರುತ್ತಾರಂತೆ. ಮೂಲೆಯ ಟೇಬಲ್ಲೇ ಬೇಕಂತೆ, ಚಹಾ ಮಾತ್ರ ಸುಡುಸುಡು ಇರಬೇಕಂತೆ. ಇವತ್ತು ಗಂಟೆ ಬಾರಿಸಿದ್ದು ಕೇಳಿ ಅವಸರದಲ್ಲಿ ಓಡಿದರಂತೆ. ಇಷ್ಟು ಹೇಳಿ, ಚಷ್ಮಾ ಕೊಟ್ಟು, ಮಳೆಯಲ್ಲೇ ಹೋದ.

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ನಮ್ಮ ಮನೆಗೆಂದೇ ಹುಟ್ಟಿದಂತಿತ್ತು. ಅವ್ವ ಬಯ್ಯಲಿಲ್ಲ, ಅಳಲಿಲ್ಲ. ಚಷ್ಮಾವನ್ನು ಗೋಡೆಯ ಮಾಡದಲ್ಲಿಟ್ಟು ಮತ್ತೊಂದು ಕಡ್ಡಿ ಗೀರಿದಳು. ಈ ಸಲ ಹತ್ತಿತು. ಅಪ್ಪನ ಗುಟ್ಟು ಬಯಲಾದ ಮೇಲೆ ಅವಳು ಧೈರ್ಯ ಮಾಡಿದಳೆಂದು ನಮ್ಮ ಬಳಗದವರು ಇಂದಿಗೂ ಹೇಳುತ್ತಾರೆ. ಅದು ಸುಳ್ಳು. ಇರಾನಿ ಬಾಗಿಲು ತಟ್ಟುವ ಮೊದಲೇ ಮಣೆ ಸರಿದಿತ್ತು, ನಾನು ಕಣ್ಣಾರೆ ಕಂಡಿದ್ದೇನೆ.

ಗಂಜಿ ಚಮಚದಿಂದ ಚಮಚಕ್ಕೆ ಒಳಗಿಳಿಯಿತು. ಅಜ್ಜಿಯ ಹಣೆಯಲ್ಲಿ ಬೆವರು ಒಡೆಯಿತು, ಕಣ್ಣು ತೆರೆದಳು. "ಇವತ್ತ ಸೋಮವಾರೇನು?" ಎಂದು ಕೇಳಿದಳು. ಅವ್ವ ಅಲ್ಲವೆಂದು ತಲೆಯಾಡಿಸಿ, ಉಳಿದ ಕೆಂಡದ ಮೇಲೆ ಚಹಾಕ್ಕೆ ನೀರಿಟ್ಟಳು.

ಅಪ್ಪ ಹೊಗೆ ನೋಡಿಕೊಂಡೇ ಮೆಟ್ಟಿಲು ಹತ್ತಿ ಬಂದ. ಚಷ್ಮಾ ಇಲ್ಲದೆ ಅವತ್ತು ಓದಲಾಗಿರಲಿಲ್ಲವಂತೆ, ಅವನ ಪಾಳಿಯನ್ನು ಬೇರೆಯವರು ಓದಿದ್ದರಂತೆ. ಆ ಸಿಟ್ಟೂ ಸೇರಿತ್ತು.

"ಯಾರು ಒಲಿ ಹಚ್ಚಿದವರು?"

ಅವ್ವ ಮಾಡದಿಂದ ಚಷ್ಮಾ ತೆಗೆದು ಅವನ ಕೈಗಿಟ್ಟಳು. "ಇದನ್ನ ಹಾಕ್ಕೊಂಡು ನೋಡ್ರಿ. ಇರಾನಿ ತಂದುಕೊಟ್ಟ."

ಅಪ್ಪ ಚಷ್ಮಾ ಹಾಕಿಕೊಂಡ. ಒಲೆ ನೋಡಿದ, ಖಾಲಿ ಗಂಜಿಯ ಬಟ್ಟಲು ನೋಡಿದ, ತಾಯಿಯ ಮುಖ ನೋಡಿದ. ರುಮಾಲು ತೆಗೆದಿಟ್ಟು ಅವಳ ಹಾಸಿಗೆಯ ಪಕ್ಕ ಕುಳಿತ.

"ಅವಗೂ ಒಂದು ಕಪ್ಪು ಕೊಡವಾ" ಎಂದಳು ಅಜ್ಜಿ.

ಅವ್ವ ಅವನ ಮುಂದೆ ಚಹಾ ಇಟ್ಟಳು. ಪ್ರಾರ್ಥನೆ ಮಾಡದೆ ನಮ್ಮ ಮನೆಯಲ್ಲಿ ಯಾರೂ ಏನೂ ಬಾಯಿಗಿಡುತ್ತಿರಲಿಲ್ಲ. ಅಪ್ಪ ರೂಢಿಯಂತೆ ಕೈ ಜೋಡಿಸಿ ಕಣ್ಣು ಮುಚ್ಚಿ, "ಕರ್ತನೇ..." ಎಂದ. ಮುಂಜಾನೆ ಅಷ್ಟು ಸರಾಗವಾಗಿ ಬಂದಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಚಷ್ಮಾದ ಕೆಳಗಿನಿಂದ ನೀರು ಇಳಿಯತೊಡಗಿತು.

ಅಜ್ಜಿ ಮಲಗಿದಲ್ಲಿಂದಲೇ ಕೈ ಚಾಚಿ ಅವನ ಮೊಣಕಾಲು ಮುಟ್ಟಿದಳು.

"ಆಮೆನ್ ಅನ್ನಪಾ. ಚಹಾ ಆರತದ."

ಅಪ್ಪ ಆಮೆನ್ ಅಂದು ಕಪ್ಪು ಎತ್ತಿಕೊಂಡ.