ಗಂಜಿಯ ಪರಿಮಳವನ್ನೂ ನಂಬದ ನಜ್ಲಾ

ಬಿಕರ್ನಕಟ್ಟೆಯ ಬಾಲಯೇಸು ಮಂದಿರದ ಬಾಗಿಲು ಇನ್ನೂ ತೆರೆದಿಲ್ಲ. ಶಕ್ತಿನಗರದ ಏರುದಾರಿಯಲ್ಲಿ ಒಂದು ಸ್ಕೂಟರ್ ಮಾತ್ರ ಏದುಸಿರು ಬಿಡುತ್ತ ಹತ್ತುತ್ತಿದೆ. ಮುಂಜಾನೆಯ ಸುಬಹ್ ನಮಾಜು ಮುಗಿಸಿ ಹೊರಟ ನಜ್ಲಾ ಅವರ ಕಾಲ ಬಳಿ ಐಸ್ ಪೆಟ್ಟಿಗೆ, ಹೆಗಲಲ್ಲಿ ಸೂಜಿ, ಹತ್ತಿಗಳ ಚೀಲ. ಖಾಸಗಿ ಲ್ಯಾಬೊಂದರ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವುದು ಅವರ ಕೆಲಸ.

ಮೊದಲ ಮನೆಯ ಜಗಲಿಯಲ್ಲಿ ಸಂಕಪ್ಪಣ್ಣ ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದಾರೆ. ಪಣಂಬೂರಿನಲ್ಲಿ ಹೋಟೆಲು ನಡೆಸಿದ ಹಿರಿಯರು. ಹೃದಯದ ಕವಾಟ ಬದಲಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ದಿನವೂ ಬೇಕು. ಅದು ಹದವಾಗಿದೆಯೇ ಎಂದು ಆಗಾಗ ಪರೀಕ್ಷೆಯೂ ಆಗಬೇಕು.

"ಎಂತ ನಜ್ಲಾ, ಇವತ್ತಾದ್ರೂ ನನ್ನ ರಕ್ತ ನನ್ನ ಹೆಸರಿಗೇ ಹೋಗ್ತದಾ?"

"ನಿಮ್ಮ ರಕ್ತಕ್ಕೆ ಬೇರೆ ಯಾರೂ ಆಸೆಪಡುದಿಲ್ಲ ಸಂಕಪ್ಪಣ್ಣ. ಮುಷ್ಟಿ ಕಟ್ಟಿ."

ನೀಲಿ ಮುಚ್ಚಳದ ಟ್ಯೂಬು ಗೆರೆಯವರೆಗೆ ತುಂಬಬೇಕು. ಕಡಿಮೆಯಾದರೆ ಫಲಿತಾಂಶ ನಂಬುವಂತಿಲ್ಲ. ತುಂಬಿದ ಟ್ಯೂಬನ್ನು ನಜ್ಲಾ ತೊಟ್ಟಿಲು ತೂಗಿದಷ್ಟು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾರೆ. ಬಿಸಿಲೇರುವ ಮೊದಲು ಇಂಥ ಹತ್ತು ಹನ್ನೆರಡು ಮನೆ. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಕೆಲವರು ಗೇಟಿನಲ್ಲೇ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಾರೆ. ಪತಿ ಅಯ್ಯೂಬ್ ಗಲ್ಫಿನ ದಮ್ಮಾಮಿನಲ್ಲಿ ಅಂಗಡಿಯೊಂದರಲ್ಲಿ ದುಡಿದು, ಬೆನ್ನು ಹಾಳುಮಾಡಿಕೊಂಡು ಮರಳಿದ ಮೇಲೆ ಮನೆ ನಿಂತಿರುವುದು ಈ ಸೂಜಿಯ ಮೇಲೆ.

"ಜನ ನನ್ನನ್ನು ಸಂಶಯದಿಂದ ನೋಡ್ತಾರೆ. ನಾನೂ ಅವರನ್ನು ಹಾಗೇ ನೋಡ್ತೇನೆ. ಲೆಕ್ಕ ಸರಿ," ಎನ್ನುತ್ತಾರೆ ನಜ್ಲಾ, ನಗದೆ.

ಕಳೆದ ವರ್ಷ ಸಂಕಪ್ಪಣ್ಣನ ಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆ ನೋಡುತ್ತಿದ್ದರು. ಪರೀಕ್ಷೆ ಮಾಡಿದಾಗೆಲ್ಲ ರಕ್ತ ಇರಬೇಕಾದ್ದಕ್ಕಿಂತ ದಪ್ಪ. ಹಾಗೇ ಬಿಟ್ಟರೆ ಹೊಸ ಕವಾಟದಲ್ಲಿ ಹೆಪ್ಪು ಕಟ್ಟಿ ಜೀವಕ್ಕೇ ಕುತ್ತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಮತ್ತೂ ಹೆಚ್ಚಿಸಿದರು. ಅಪ್ಪ ಮಾತ್ರೆಯನ್ನು ಕ್ರೋಟನ್ ಗಿಡದ ಬುಡಕ್ಕೆ ಉಗುಳುತ್ತಾರೆಂದು ಮಗ ಸುಜಿತ್‌ಗೆ ಅನುಮಾನ. ಲ್ಯಾಬಿನವರು ಟ್ಯೂಬು ಬದಲಿಸುತ್ತಾರೆಂದು ಸಂಕಪ್ಪಣ್ಣನಿಗೆ. ಹೆಂಡತಿ ಗುಣವತಿ ನೀರಿನ ಲೋಟ ಹಿಡಿದು, ಮಾತ್ರೆ ನುಂಗಿದ ಗಂಡನ ಬಾಯಿ ತೆರೆಸಿ ನೋಡತೊಡಗಿದರು. ಪ್ರೀತಿ ಕಾವಲುಗಾರನ ವೇಷ ಹಾಕಿದರೆ ಮನೆಯಲ್ಲಿ ದೀಪ ಹಚ್ಚಿದರೂ ಬೆಳಕು ಸಾಲದು.

ಬೇರೆ ಏನಾದರೂ ಮದ್ದು ಉಂಟಾ ಎಂದು ಡಾಕ್ಟರು ಕೇಳಿದ್ದರು, ನಜ್ಲಾರೂ ಕೇಳಿದ್ದರು. ಇಲ್ಲ ಎಂದೇ ಉತ್ತರ.

ಒಂದು ಮುಂಜಾನೆ ರಕ್ತ ತೆಗೆದು ಹತ್ತಿ ಒತ್ತುತ್ತಿದ್ದಾಗ ಒಳಗಿಂದ ಗಂಜಿಯ ಬಟ್ಟಲು ಬಂತು.

"ಗುಣವತಿಯಕ್ಕ, ಗಂಜಿಗೆ ಸೆಂಟ್ ಹಾಕಿದ್ದೀರಾ? ಚಾಕಲೇಟ್ ವಾಸನೆ ಬರ್ತಾ ಉಂಟು."

"ಎಂತದ್ದೂ ಇಲ್ಲ ಮಾರಾಯ್ತಿ."

ನಜ್ಲಾ ಏಳಲಿಲ್ಲ. ಮದ್ದಿನ ಮಾತು ಬಿಟ್ಟು ಬೇರೆಯೇ ಕೇಳಿದರು: "ಗಲ್ಫಿಂದ ಎಂತ ಬಂದಿದೆ?"

ಗಲ್ಫಿನಿಂದ ಯಾರು ಬಂದರೂ ಅಕ್ಕಪಕ್ಕದ ಮನೆಗೆ ಒಂದು ಪಾಲು ಸಲ್ಲುವುದು ಇಲ್ಲಿನ ರೂಢಿ. ನೋವಿನ ಎಣ್ಣೆ, ಖರ್ಜೂರ, ಈಚೆಗೆ ಚಾಕಲೇಟ್ ಪರಿಮಳದ ವಿಟಮಿನ್ ಪುಡಿಯ ಡಬ್ಬಿ. ಉಡುಗೊರೆಯಾಗಿ ಬಂದದ್ದನ್ನು ಯಾರೂ ಮದ್ದು ಎನ್ನುವುದಿಲ್ಲ. ನಜ್ಲಾರ ಸ್ವಂತ ಕಪಾಟಿನಲ್ಲೂ ಅಂಥ ಡಬ್ಬಿಗಳು ಬಂದು ಕೂತಿದ್ದವು.

ಗುಣವತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತರು. "ಆಚೆಮನೆ ಝಹ್ರಾ ಕೊಟ್ಟದ್ದು. ತಾಕತ್ತಿನ ಪುಡಿ. ಇವರು ಮೆಟ್ಟಿಲು ಹತ್ತುವಾಗ ಗೋಡೆ ಹಿಡೀತಿದ್ದರು, ನನಗೆ ನೋಡ್ಲಿಕ್ಕಾಗಲಿಲ್ಲ. ಹೇಳಿದ್ರೆ ಮಕ್ಕಳ ಪುಡಿ ಅಂತ ತಮಾಷೆ ಮಾಡ್ತಾರೆ. ಅದಕ್ಕೆ ಗಂಜಿಗೆ ಕಲಸ್ತಿದ್ದೆ."

ಡಬ್ಬಿ ಹೊರಬಂತು. ಅದರ ಮೇಲಿನ ಪಟ್ಟಿಯಲ್ಲಿ ವಿಟಮಿನ್ ಕೆ ಇತ್ತು. ರಕ್ತ ಹೆಪ್ಪುಗಟ್ಟಲು ನೆರವಾಗುವುದು ಅದೇ. ಮಾತ್ರೆ ಒಂದು ಕಡೆಗೆ ಎಳೆದರೆ ಪುಡಿ ಇನ್ನೊಂದು ಕಡೆಗೆ.

ಒಳಗಿಂದ ಬಂದ ಸುಜಿತ್ ಡಬ್ಬಿಯನ್ನು ತಿರುಗಿಸಿ ನೋಡಿದರು. "ಆ ಮನೆಯಿಂದ ಬಂದದ್ದಾ?"

ನಜ್ಲಾ ಟ್ಯೂಬಿನ ಮೇಲೆ ಹೆಸರು ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಕೊಟ್ಟವಳದ್ದು ಎಂತ ತಪ್ಪು?" ಎಂದರು ಸಂಕಪ್ಪಣ್ಣ. "ಕಲಸಿದ್ದು ನಿನ್ನ ಅಮ್ಮ. ಕುಡಿದದ್ದು ನಾನು."

ಸುಜಿತ್ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಹೊರಟರು. ಆಗ ನಜ್ಲಾ ಎದ್ದರು. "ಈಗ ಬಿಸಾಡ್ಬೇಡಿ. ಪುಡಿ ಹೊಟ್ಟೆಗೆ ಹೋಗ್ತಿರುವಾಗಲೇ ಮಾತ್ರೆ ಜಾಸ್ತಿ ಮಾಡಿದ್ದಲ್ವಾ? ಪುಡಿ ಮಾತ್ರ ನಿಲ್ಲಿಸಿ ಅಷ್ಟೇ ಮಾತ್ರೆ ತೆಗೊಂಡ್ರೆ ರಕ್ತ ತೀರಾ ತೆಳು ಆಗ್ಬಹುದು, ಒಳಗೇ ಸೋರ್ಬಹುದು. ಡಾಕ್ಟರಿಗೆ ಫೋನ್ ಮಾಡುವ."

ಡಬ್ಬಿಯ ಪಟ್ಟಿಯ ಫೋಟೊ ಡಾಕ್ಟರಿಗೆ ಹೋಯಿತು. ಡಾಕ್ಟರು ಅಂದೇ ಕರೆಸಿಕೊಂಡು, ಪುಡಿ ನಿಲ್ಲಿಸಿ, ಅದಕ್ಕೆ ತಕ್ಕಂತೆ ಮಾತ್ರೆಯನ್ನೂ ಇಳಿಸಿದರು. ರಕ್ತ ಹದಕ್ಕೆ ಬರುವವರೆಗೆ ಬೇಗ ಬೇಗ ಪರೀಕ್ಷೆ. ವಿಟಮಿನ್ ಕೆ ಇರುವ ಹರಿವೆ ಸೊಪ್ಪನ್ನು ಬಿಡಬೇಕಿಲ್ಲ, ಆದರೆ ಒಂದು ವಾರ ರಾಶಿ, ಒಂದು ವಾರ ಇಲ್ಲವೇ ಇಲ್ಲ ಎಂದಾಗಬಾರದು ಎಂದೂ ತಿಳಿಸಿದರು. ಮೀನೆಣ್ಣೆಯ ಗುಳಿಗೆ, ವಿಟಮಿನ್ ಇ ಹೆಚ್ಚಾದರೆ ರಕ್ತ ಸೋರುವ ಭಯ; ಕೇಳದೆ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

ಝಹ್ರಾಗೆ ಸುದ್ದಿ ಮುಟ್ಟಿಸಿದವರು ನಜ್ಲಾ, ಇಬ್ಬರ ಮನೆಮಾತಾದ ಬ್ಯಾರಿ ಭಾಷೆಯಲ್ಲಿ, ಕಾಂಪೌಂಡಿನಾಚೆ ನಿಂತು. ಝಹ್ರಾ ಅತ್ತರು. ಆಮೇಲೆ ಸಂಕಪ್ಪಣ್ಣನೇ ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಬಂದರು. ದೇವರು ಮೈಯೊಳಗೆ ಹರಿಸಿದ್ದನ್ನು ಮನುಷ್ಯ ಅಳೆಯಬಲ್ಲ. ನೆರೆಹೊರೆಯ ನಡುವೆ ಹರಿಯುವುದನ್ನು ನಡೆದೇ ನೋಡಬೇಕು.

ಈಗ ಫಲಿತಾಂಶ ಹದವಾಗಿದೆ. ಆದರೂ ನಜ್ಲಾ ಪ್ರತಿ ಸಲ ಗಂಜಿಯ ಬಟ್ಟಲಿಗೆ ಮೂಗು ಒಡ್ಡುತ್ತಾರೆ. ಇಂದೂ ಒಡ್ಡಿದರು.

"ಇವಳಿಗೆ ಬೇರೆ ಕೆಲಸ ಇಲ್ಲ. ನಾಯಿಯ ಹಾಗೆ ಮೂಸ್ತಾಳೆ," ಎಂದು ಸಂಕಪ್ಪಣ್ಣ ಗೊಣಗುತ್ತಾರೆ.

ಬೇಸರವಾಗುವುದಿಲ್ಲವೇ ಎಂದು ಕೇಳಿದರೆ, ಸ್ಕೂಟರ್ ತಿರುಗಿಸುತ್ತ ನಜ್ಲಾ ಹೇಳುತ್ತಾರೆ: "ಬೈಲಿ. ಬೈಲಿಕ್ಕೆ ಅವರು ಇರ್ಬೇಕು, ಅಷ್ಟೇ ನನಗೆ."