ಕಂಬಳಿಯ ಮೇಲಿನ ದುಂಡು ಕಲೆ

ಮೊನ್ನೆ ಕೊಲ್ಹಾಪುರದ ಗ್ಯಾರೇಜಿನಲ್ಲಿ ಮಿಸ್ತ್ರಿ ನನ್ನ ಟೆಂಪೋದ ಟರ್ಬೊ ಬಿಚ್ಚಿ ಕೈಗೆ ಕೊಟ್ಟ. ಎಂಜಿನ್ನಿಗೆ ಗಾಳಿ ತುಂಬುವ ಸಾಮಾನು ಅದು. ಶಂಖದ ಹಾಗೆ ಸುತ್ತಿಕೊಂಡಿರುತ್ತದೆ, ಮುಂದೊಂದು ದುಂಡು ಬಾಯಿ. ಅಂಚಿಗೆಲ್ಲ ಸುಟ್ಟ ಎಣ್ಣೆ ಕಟ್ಟಿತ್ತು. ಮೂಗಿನ ಹತ್ತಿರ ಹಿಡಿದಾಗ ಎಣ್ಣೆಯ ಹಿಂದೆಯೇ ಸುಟ್ಟ ಉಣ್ಣೆಯ ವಾಸನೆಯೂ ಬಂದಂತಾಯಿತು. ಗ್ಯಾರೇಜಿನಲ್ಲಿ ಉಣ್ಣೆ ಎಲ್ಲಿಂದ ಬರಬೇಕು... ಬಂದದ್ದು ಗಾಡಿ ಮಾಮಾನ ನೆನಪು.

"ಅಗ್ಗದ್ದು ಕಪಾಟಿನ್ಯಾಗ ಐತಿ, ಸಂಜಿಗೆ ಗಾಡಿ ಒಯ್ಯಬೌದು. ಕಂಪನೀದು ಬೇಕಂದ್ರ ತರಸಬೇಕು. ಕುಠಲಾ ಬಸವೂ?" ಯಾವುದನ್ನು ಕೂಡಿಸಲಿ ಎಂದು ಮಿಸ್ತ್ರಿ ಕೇಳುತ್ತಿದ್ದ. ನಾನು ಆಗಲೇ ಮನಸ್ಸಿನಲ್ಲಿ ಹಳೆಯ ಒಂದು ಘಾಟಿನ ರಸ್ತೆ ಹತ್ತುತ್ತಿದ್ದೆ.

ಇಚಲಕರಂಜಿಯಲ್ಲಿ ನಮ್ಮದೂ ಮಾಮಾನದೂ ಒಂದೇ ಗೋಡೆಯ ಮನೆ. ನಾನು ಆಗ ಮಗ್ಗದ ಕಾರ್ಖಾನೆಗೆ ಹೋಗುತ್ತಿದ್ದೆ. ಅವರು ಯಡ್ರಾವದ ಕಾರ್ಖಾನೆಗಳಿಂದ ತಮ್ಮ ಪಿಕಪ್ಪಿನಲ್ಲಿ ಬಟ್ಟೆಯ ಗಂಟು ಸಾಗಿಸುತ್ತಿದ್ದರು. ರಕ್ತ ಸಂಬಂಧವೇನೂ ಇಲ್ಲ, ಓಣಿಗೆಲ್ಲ ಮಾಮಾ. ಕೊತ್ತಂಬರಿ ಸೂಡಿಗೂ ಚೌಕಾಸಿ ಮಾಡಿ, ಗೆದ್ದ ಮೇಲೆ ಅದರಲ್ಲಿ ಅರ್ಧ ನಮ್ಮ ಮನೆಗೆ ಕೊಟ್ಟು ಹೋಗುವ ಮನುಷ್ಯ.

ಅವರದು ಕುರಿ ಕಾಯುವ ಮನೆತನ. ಗಡಹಿಂಗ್ಲಜ ಸೀಮೆಯ ಊರಲ್ಲಿ ಅಣ್ಣತಮ್ಮಂದಿರೆಲ್ಲ ಕೂಡಿ ಬೀರದೇವರಿಗೆ ಗದ್ದಿಗೆ ಹಾಕುವಾಗ ಮೊದಲು ಹಾಸುವುದು ಮಾಮಾನ ಮನೆಯ ಕರಿ ಕಂಬಳಿ. ಅದು ಬಂದು ನೆಲಕ್ಕೆ ಬೀಳುವ ತನಕ ಪೂಜೆಗೆ ಕೈ ಹಚ್ಚುವಂತಿಲ್ಲ. ಮಾಮಾನ ತಾಯಿ ಕಾಲು ತೊಳೆಯದೆ ಆ ಕಂಬಳಿ ಮುಟ್ಟಿದವರಲ್ಲ. ಚಪ್ಪಲಿ ಮೆಟ್ಟಿದವರನ್ನು ಅದರ ಹತ್ತಿರ ಸುಳಿಯಗೊಟ್ಟವರಲ್ಲ.

ಗದ್ದಿಗೆಯ ದಿನ ಹತ್ತಿರ ಬಂದಾಗಲೇ ಪಿಕಪ್ಪಿನ ಟರ್ಬೊ ಕೈಕೊಟ್ಟಿತು. ಕಂಪನಿಯದು ಬರುವ ಹೊತ್ತಿಗೆ ಪೂಜೆ ಮುಗಿದಿರುತ್ತಿತ್ತು. ಮಾಮಾ ಎಲ್ಲಿಂದಲೋ ಹೆಸರಿಲ್ಲದ ಡಬ್ಬಿಯಲ್ಲಿ ಅಗ್ಗದ ಟರ್ಬೊ ಒಂದನ್ನು ತಂದರು. ನಮ್ಮೂರ ಮಿಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಮಾ, ಕೂಡಸ್ತೇನಿ. ಆದ್ರ ಮಾಣಸಂ ಬಸವೂ ನಕಾ. ಮಂದೀನ ಮಾತ್ರ ಕೂಡಸಬ್ಯಾಡ್ರಿ" ಅಂದ. "ಇದರೊಳಗಿನ ಚಕ್ರದ ತೂಕ ಯಾರು ನೋಡ್ಯಾರ? ಸೀಲ್ ಹೋತಂದ್ರ ಎಣ್ಣಿ ಸೀದಾ ಎಂಜಿನ್ನಿಗೆ ಹೋಗ್ತೈತಿ. ಅದನ್ನ ಸುಟಗೊಂಡ ಓಡ್ತೈತಿ ಅದು. ಚಾವಿ ತಗದ್ರೂ ಬಂದ್ ಆಗೂದಿಲ್ಲ."

"ಚಾವಿ ಇಲ್ಲದ ಓಡೂ ಗಾಡಿ ಸಿಕ್ರ ಡೀಜಲ್ ಉಳೀತು ಬಿಡೋ!" ಎಂದು ಮಾಮಾ ನಕ್ಕರು. ನಾನೂ ನಕ್ಕೆ.

ಒಂದು ಮಾತು ಹೇಳದೆ ಹೋದರೆ ಸುಳ್ಳಾಗುತ್ತದೆ. ಮೊದಮೊದಲು ಗಾಡಿ ಭೇಷಾಗಿಯೇ ಎಳೆಯಿತು. ಗಂಟು ಹೇರಿಕೊಂಡು ಎದೆಯುಬ್ಬಿಸಿ ಹೋಯಿತು. ಅದನ್ನು ಕಂಡೇ ಮಾಮಾನ ಧೈರ್ಯ ಬೆಳೆದದ್ದು.

ಗದ್ದಿಗೆಗೆ ಹೊರಟ ಮುಂಜಾನೆ ಹಿಂದೆ ಮನೆಯ ಹೆಣ್ಣುಮಕ್ಕಳು, ಸಣ್ಣ ಮಕ್ಕಳು, ಪೂಜೆಯ ಪಾತ್ರೆ. ಮುಂದೆ ಮಾಮಾನ ಪಕ್ಕ ಅವರ ಅವ್ವ, ತೊಡೆಯ ಮೇಲೆ ಮಡಿಚಿದ ಕಂಬಳಿ. ಬಾಗಿಲ ಕಡೆ ನಾನು. ನಿಪ್ಪಾಣಿ ದಾಟುವಾಗ ಎಂಜಿನ್ನಿನಿಂದ ಸಣ್ಣ ಸೀಟಿ ಕೇಳತೊಡಗಿತು. ಕನ್ನಡಿಯಲ್ಲಿ ನೀಲಿ ಹೊಗೆ.

"ಮಾಮಾ, ಹೊಗಿ ನೋಡ್ರಿ."

"ಹಳೇ ಗಾಡಿ, ಬೀಡಿ ಸೇದಾಕತ್ತೈತಿ ಬಿಡು." ಬಾಯಿ ನಗುತ್ತಿತ್ತು. ಕಣ್ಣು ಮಾತ್ರ ಕನ್ನಡಿ ಬಿಡುತ್ತಿರಲಿಲ್ಲ.

ತವಂದಿ ಘಾಟಿನ ನಡುವೆ ಮಾಮಾ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ವೇಗ ತಾನೇ ಏರತೊಡಗಿತು. ಕಿರುಚಾಟ ಅಂದರೆ ಕಿರುಚಾಟ. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ ಚಾವಿ ಕಿತ್ತರು. ಚಾವಿ ಕೈಯಲ್ಲಿದೆ, ಎಂಜಿನ್ನು ಓಡುತ್ತಲೇ ಇದೆ... ದೊಡ್ಡ ಗೇರಿಗೆ ಹಾಕಿ ಉಸಿರು ಕಟ್ಟಿಸಲು ನೋಡಿದರು. ಸವೆದ ಕ್ಲಚ್ಚು ಜಾರಿತು. ಹ್ಯಾಂಡ್‌ಬ್ರೇಕ್ ಹೆಸರಿಗಷ್ಟೇ ಇತ್ತು. ಕಾಲೆತ್ತಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಹಿಂದೆ ಹೊಗೆ ದಟ್ಟವಾಗಿತ್ತು, ಆ ಹೊಗೆಯೊಳಗೆ ಲಾರಿಗಳು ಹತ್ತಿ ಬರುತ್ತಿದ್ದವು.

"ಕಲ್ಲಿಡೋ! ಗಾಲಿಗೆ ಕಲ್ಲಿಡೋ! ಮಂದೀನ ಇಳಸು!"

ಹಾರಿದೆ. ಕಲ್ಲು ಹೊತ್ತು ತಂದು ಹಿಂದಿನ ಗಾಲಿಗಳಿಗೆ ಕೊಟ್ಟೆ. ಮಕ್ಕಳನ್ನು ಎತ್ತೆತ್ತಿ ರಸ್ತೆಯಂಚಿಗೆ ಇಳಿಸಿದೆ. ಅವ್ವನನ್ನು ಇಳಿಸುವಾಗ ಅವರ ಕೈ ಕಂಬಳಿ ಬಿಡಲಿಲ್ಲ. ಮಾಮಾ ಜಿಗಿದು ಬಾನೆಟ್ ಎತ್ತಿ, ಗಾಳಿಯ ಪೈಪು ಕಿತ್ತು, ಹೆಗಲ ಮೇಲಿನ ಟವೆಲ್ಲನ್ನು ಟರ್ಬೊದ ಆ ದುಂಡು ಬಾಯಿಗೆ ಒತ್ತಿದರು. ಬಾಯಿ ಅದನ್ನು ನುಂಗತೊಡಗಿತು, ಎಳೆದು ಬಿಸಾಕಿದರು.

"ದಪ್ಪಂದು! ದಪ್ಪಂದು ಏನರ ಕೊಡ್ರೋ!"

ದಪ್ಪನೆಯದು ಒಂದೇ ಇತ್ತು. ಎಲ್ಲರೂ ಅದನ್ನೇ ನೋಡಿದರು. ಅವ್ವ ತಾವಾಗಿಯೇ ಮುಂದೆ ಬಂದರು.

"ಅವ್ವಾ, ಅದು ಗದ್ದಿಗೀದು..."

"ಮಂದಿ ಉಳದ್ರಲ್ಲೇನೋ ಗದ್ದಿಗಿ? ತಗೋ. ದೇವ್ರಿಗೆ ನಾ ಹೇಳ್ಕೋತೇನಿ!"

ಮಾಮಾ ಕಂಬಳಿಯ ಮಡಿಕೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಎಂಜಿನ್ನು ಒದ್ದಾಡಿತು, ಗಾಡಿಯೆಲ್ಲ ನಡುಗಿತು, ಒಮ್ಮೆ ಕೆಮ್ಮಿ ಸತ್ತಿತು. ಆಮೇಲೆ ಕೇಳಿದ್ದು ಮಕ್ಕಳ ಅಳು ಮಾತ್ರ. ಕೆಂಪಗೆ ಕಾದ ಕಬ್ಬಿಣಕ್ಕೆ ತಾಗಿ ಮಾಮಾನ ಮಣಿಕಟ್ಟಿನ ಚರ್ಮ ಸುಲಿದಿತ್ತು. ನಾನು ಹೇಳಿದ ಮೇಲೆಯೇ ಅವರಿಗೆ ಅದು ಗೊತ್ತಾದದ್ದು.

ಬೇರೆ ಗಾಡಿ ಹಿಡಿದು ಊರು ಮುಟ್ಟಿದೆವು. ಕಂಬಳಿ ಬಿಚ್ಚಿದಾಗ ನಡುವೆ ಟರ್ಬೊದ ಬಾಯಿಯಷ್ಟೇ ಅಗಲದ, ಎಣ್ಣೆ ಹಿಡಿದು ಕಮರಿದ ದುಂಡು ಕಲೆ. ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿ, "ಇದೇನವಾ?" ಎಂದರು. ಅವ್ವ, "ಎಲ್ಲಾರೂ ಉಳದೇವಿ, ಅದರ ಗುರ್ತು" ಎಂದರು. ಹಿರಿಯರು ಎದ್ದು ಕಂಬಳಿಯ ಅಂಚು ಹಿಡಿದರು. ಅದನ್ನೇ ಹಾಸಿದರು.

ಎಂಜಿನ್ನು ಒಳಗಿನಿಂದ ಹೋಗಿಬಿಟ್ಟಿತ್ತು. ಪಿಕಪ್ಪು ಗುಜರಿ ಸೇರಿತು. ಮಾಮಾ ಬೇರೆಯವರ ಗಾಡಿಗೆ ಡ್ರೈವರಾದರು. ಮಿಸ್ತ್ರಿಯನ್ನು ಬೈದದ್ದು ನಾನು ಕೇಳಲಿಲ್ಲ. ಒಮ್ಮೆ ಮಾತ್ರ, ಕಟ್ಟೆಯ ಮೇಲೆ ಕೂತು ಮಣಿಕಟ್ಟಿನ ಕಲೆ ಸವರುತ್ತ ಅಂದಿದ್ದರು: "ಬರೇ ಗಂಟ ಹೇರಿದ್ರ ಇನ್ನೂ ಓಡ್ತಿತ್ತೋ ಏನೋ... ಯಾರಿಗೆ ಗೊತ್ತು. ನನ್ನ ಗಾಡಿ, ನನ್ನ ಜೀವಾ, ನಾ ಏನರ ಮಾಡ್ಕೋಬೌದು. ಹಿಂದ ಕುಂತವರನ್ನ ಒಂದ ಮಾತ ಕೇಳಿದ್ನೇನು?"

ಅವ್ವ ಮೊದಲು ಹೋದರು. ಹೋದ ವರ್ಷ ಮಾಮಾ. ಹೊರಡಿಸುವಾಗ ಮನೆಯವರು ಅದೇ ಕಂಬಳಿ ಹೊದಿಸಿದರು. ಆ ದುಂಡು ಕಲೆ ಸರಿಯಾಗಿ ಅವರ ಎದೆಯ ಮೇಲೆ ಬಂದಿತ್ತು. ಸರಿಸಬೇಕು ಅನ್ನಿಸಿತು... ಸರಿಸಲಿಲ್ಲ.

"ಏನ್ರಿ, ಹೇಳ್ರಲ್ಲ?" ಕೊಲ್ಹಾಪುರದ ಮಿಸ್ತ್ರಿ ಮತ್ತೆ ಕೇಳಿದ. "ನೀವು ಹೇರೂದು ಬರೇ ಬಟ್ಟಿ ಅಲ್ಲೇನ್ರಿ?"

"ಸಂತಿ ದಿನ ಬಾಜೂಕ ನನ್ನಾಕಿ ಕೂಡ್ತಾಳ್ರಿ" ಎಂದೆ. "ಕಂಪನೀದ ತರಸ್ರಿ."

"ಎಂಟ ದಿನ ಗಾಡಿ ನಿಲ್ತೈತಿ ನೋಡ್ರಿ."

"ನಿಲ್ಲಲಿ."

ಇಚಲಕರಂಜಿಯ ಬಸ್ಸು ಹತ್ತಿ ಕಿಟಕಿಗೆ ಕೂತೆ. ಕರವಸ್ತ್ರದಿಂದ ಎಷ್ಟು ಒರೆಸಿದರೂ ಬೆರಳಿನ ವಾಸನೆ ಹೋಗಲಿಲ್ಲ. ಮಾಮಾ ಇದ್ದಿದ್ದರೆ ಬಿಡುತ್ತಿದ್ದರೇ? "ಮಗನ, ರೊಕ್ಕದ ಗಿಡಾ ಹಚ್ಚೀಯೇನೋ ಹಿತ್ತಲದಾಗ?" ಎಂದು ಬಸ್ಸಿಗೆಲ್ಲ ಕೇಳುವಂತೆ ಬೈದು, ಆಮೇಲೆ ಆ ಸುಟ್ಟ ಕೈ ನನ್ನ ಹೆಗಲ ಮೇಲಿಡುತ್ತಿದ್ದರು. ಊರು ಬರುವ ತನಕ ಆ ಬೈಗುಳಕ್ಕೆ ಕಿವಿಗೊಟ್ಟೇ ಕೂತಿದ್ದೆ...